ಗಿನಿಪಿಗ್‌ಗೊಂದು ಅಂಗಳ

ಮಕ್ಕಳ ಹಟಕ್ಕೆ ಮಣಿದು ಗಿನಿಪಿಗ್ ಕೊಳ್ಳಲು ಹೋದವರಿಗೆ ಅಂಗಡಿಯವರು ಸಾಮಾನ್ಯವಾಗಿ ತೂತು ಕೊರೆದ ರಟ್ಟಿನ ಡಬ್ಬಿಯಲ್ಲಿ ಒಂದು ಜೋಡಿ ಮರಿ ಕೊಟ್ಟು, ಜೊತೆಗೊಂದು ತಂತಿಯ ಪಂಜರವನ್ನೂ ಹಿಡಿಸುತ್ತಾರೆ. ಪಂಜರ ಹೆಚ್ಚಾಗಿ ಲವ್ ಬರ್ಡ್ಸ್‌ಗೆಂದು ಮಾಡಿದ್ದು. 18 ಇಂಚು ಉದ್ದ, 12 ಇಂಚು ಅಗಲ, ಎತ್ತರ ಮಾತ್ರ ಧಾರಾಳ. ತಳದಲ್ಲಿ ಜಾಲರಿ, ಅದರಡಿ ಹಿಕ್ಕೆ ಬೀಳುವ ತಟ್ಟೆ. ತಟ್ಟೆ ಎಳೆದು ತೊಳೆದರಾಯಿತು, ಬೇರೆ ಕೆಲಸವೇ ಇಲ್ಲ ಎಂದು ಹೇಳಿ ಕಳಿಸುತ್ತಾರೆ.

ಆ ಪಂಜರದ ಉದ್ದ ಅಗಲ ಗುಣಿಸಿ ನೋಡಿ, 216 ಚದರ ಇಂಚು. ಅಮೆರಿಕದ ಪ್ರಯೋಗಾಲಯಗಳು ಪಾಲಿಸುವ ಮಾರ್ಗದರ್ಶಿಯ ಪ್ರಕಾರ 350 ಗ್ರಾಂಗಿಂತ ಹೆಚ್ಚು ತೂಗುವ ಒಂದು ಗಿನಿಪಿಗ್‌ಗೆ ಕನಿಷ್ಠ 101 ಚದರ ಇಂಚು ನೆಲ ಬೇಕು. ಅಂದರೆ ಮನೆಯ ಮಗುವಿನಂತೆ ಸಾಕುತ್ತೇವೆಂದು ತಂದ ಜೋಡಿಗೆ ನಾವು ಕೊಡುತ್ತಿರುವುದು ಪ್ರಯೋಗದ ಪ್ರಾಣಿಗೆ ಕೊಡಲೇಬೇಕಾದ ಕನಿಷ್ಠ ಜಾಗಕ್ಕಿಂತ ಒಂದಂಗೈಯಷ್ಟು ಮಾತ್ರ ಹೆಚ್ಚು. ಅದರಲ್ಲಿ ಅವು ಬಾಳಬೇಕಾದದ್ದು 5ರಿಂದ 8 ವರ್ಷ. ಈ ಲೆಕ್ಕ ಗೊತ್ತಾದ ಮೇಲೆ ಆ ಪಂಜರವನ್ನು ಮೊದಲಿನ ಕಣ್ಣಿನಿಂದ ನೋಡಲು ನನಗೆ ಆಗುವುದಿಲ್ಲ.

ಒಳ್ಳೆಯ ಗೂಡಿಗೆ ತುಂಬ ಖರ್ಚಾಗುತ್ತದೆ ಎಂಬ ಭಯದಿಂದಲೇ ಎಷ್ಟೋ ಮಂದಿ ಈ ಪಂಜರಕ್ಕೆ ಒಪ್ಪಿಕೊಳ್ಳುತ್ತಾರೆ. ಹಾರ್ಡ್‌ವೇರ್ ಅಂಗಡಿಯ ವೆಲ್ಡ್ ಮೆಶ್, ಬೋರ್ಡ್ ಬರೆಯುವವರು ಬಳಸುವ ಸನ್‌ಪ್ಯಾಕ್ ಶೀಟ್, ಒಂದು ಕಟ್ಟು ಕೇಬಲ್ ಟೈ, ಇಷ್ಟಿದ್ದರೆ ಅದರ ಏಳು ಪಟ್ಟು ದೊಡ್ಡ ಮನೆಯನ್ನು ರಜೆಯ ಒಂದು ಮಧ್ಯಾಹ್ನದಲ್ಲಿ ಕಟ್ಟಬಹುದು. ಆದರೆ ಸಾಮಾನು ತರುವ ಮೊದಲು ಪ್ರಾಣಿಯ ಮೈಕಟ್ಟು ಅರ್ಥವಾಗಬೇಕು. ಗೂಡಿನ ಅಳತೆಯೆಲ್ಲ ಹುಟ್ಟುವುದು ಅಲ್ಲಿಂದಲೇ.

ಗಿನಿಪಿಗ್ ಹತ್ತುವ ಪ್ರಾಣಿಯಲ್ಲ. ಇಲಿಯ ಹಾಗೆ, ಹ್ಯಾಮ್‌ಸ್ಟರ್‌ನ ಹಾಗೆ ಸರಳು ಹಿಡಿದು ಮೇಲೇರುವುದು ಅದಕ್ಕೆ ಬಾರದು. ಮುಕ್ಕಾಲರಿಂದ ಒಂದೂಕಾಲು ಕಿಲೋ ತೂಗುವ ದುಂಡು ಮೈ, ಗಿಡ್ಡ ಕಾಲು, ಎತ್ತರದಿಂದ ಬಿದ್ದರೆ ಸುಲಭವಾಗಿ ಮುರಿಯುವ ಮೂಳೆ. ಇದರ ತವರು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲು. ಪೆರು, ಬೊಲಿವಿಯಾ, ಈಕ್ವೆಡಾರ್‌ಗಳ ರೈತರು ಸಾವಿರಾರು ವರ್ಷಗಳಿಂದ ಇವನ್ನು ಮಾಂಸಕ್ಕಾಗಿ ಸಾಕುತ್ತ ಬಂದಿದ್ದಾರೆ. ಅಲ್ಲಿ ಇವುಗಳ ಹೆಸರು ಕುಯ್. ಬೆಟ್ಟದ ಹಳ್ಳಿಮನೆಗಳಲ್ಲಿ ಅವು ಅಡುಗೆಮನೆಯ ನೆಲದ ಮೇಲೇ ಗುಂಪಾಗಿ ಓಡಾಡಿಕೊಂಡು, ಒಲೆಯ ಸುತ್ತಲಿನ ಬಿಸಿಯಲ್ಲಿ, ಹೊಲದಿಂದ ತಂದ ಹುಲ್ಲು ಸೊಪ್ಪು ತಿಂದು ಬೆಳೆಯುತ್ತವೆ. ಗದ್ದಲವಾದರೆ ಮೂಲೆ ಸೇರುತ್ತವೆ. ಗೋಡೆಯಂಚಿಗೆ ಓಡುವುದು, ಮರೆ ಹುಡುಕುವುದು, ಜೊತೆಯವರ ಮೈಗೆ ಮೈ ತಾಗಿಸಿ ಮಲಗುವುದು ನಮ್ಮ ಮನೆಗೆ ಬಂದ ಮರಿಯಲ್ಲೂ ಹಾಗೇ ಉಳಿದಿದೆ.

ಹಾಗಾಗಿ ಇದಕ್ಕೆ ಮನೆ ಎಂದರೆ ಬೇಲಿ ಹಾಕಿದ ನೆಲ. ಎತ್ತರಕ್ಕೆ ಹಾಕಿದ ದುಡ್ಡು ದಂಡ. ಎರಡಂತಸ್ತು, ಮೂರಂತಸ್ತಿನ ಗೂಡುಗಳು ಚಿತ್ರದಲ್ಲಿ ಚೆನ್ನಾಗಿ ಕಾಣುತ್ತವೆ, ಗಿನಿಪಿಗ್‌ಗೆ ಅವು ಬೀಳುವ ಜಾಗಗಳು. ಹ್ಯಾಮ್‌ಸ್ಟರ್‌ಗೆಂದು ಮಾರುವ ತಿರುಗುವ ಚಕ್ರ, ಪ್ಲಾಸ್ಟಿಕ್ ಚೆಂಡು ಇವುಗಳಿಂದಲೂ ದೂರವಿರಬೇಕು. ಅವುಗಳಲ್ಲಿ ಇದರ ಬೆನ್ನು ಉಲ್ಟಾ ಬಾಗಿ ಪೆಟ್ಟಾಗುತ್ತದೆ.

ತಳದ ಜಾಲರಿ ಏಕೆ ಬೇಡ ಎಂದು ತಿಳಿಯಲು ಗಿನಿಪಿಗ್ ಒಂದನ್ನು ಮಡಿಲಲ್ಲಿ ಕೂರಿಸಿಕೊಂಡು ಪಾದ ತಿರುಗಿಸಿ ನೋಡಿ. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಮೂರು. ಮೊಲದ ಪಾದದಡಿ ದಟ್ಟ ರೋಮದ ಮೆತ್ತೆಯಿರುತ್ತದೆ. ಇದರ ಅಂಗಾಲು ಪೂರಾ ಬೋಳು, ಎಳೆಮಗುವಿನ ತುಟಿಯಷ್ಟು ನಯ. ಇಡೀ ಮೈಭಾರವನ್ನು ಆ ಬೋಳು ಚರ್ಮ ಹೊರಬೇಕು. ಹಗಲೂ ರಾತ್ರಿ ತಂತಿಯ ಮೇಲೆ ನಿಂತರೆ ಮೊದಲು ಅಂಗಾಲು ಕೆಂಪಾಗುತ್ತದೆ, ಆಮೇಲೆ ಊದುತ್ತದೆ, ಚರ್ಮ ಬಿರಿದು ಕಪ್ಪು ಹಕ್ಕಳೆ ಕಟ್ಟುತ್ತದೆ. ಉಚ್ಚೆಯ ತೇವವೂ ಸೇರಿದರೆ ಆ ಬಿರುಕಿನಿಂದ ಬ್ಯಾಕ್ಟೀರಿಯಾ ಒಳಹೊಕ್ಕು ಮೂಳೆಯವರೆಗೂ ಇಳಿಯಬಹುದು. ಪಶುವೈದ್ಯರು ಬಂಬಲ್‌ಫುಟ್ ಎನ್ನುವ ಈ ಹುಣ್ಣು ಒಮ್ಮೆ ಬಲಿತರೆ ಮಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಇಲ್ಲಿ ಒಂದು ಎಚ್ಚರಿಕೆ ಹೇಳಿಯೇ ಮುಂದೆ ಹೋಗಬೇಕು. ಹುಣ್ಣು ಕಂಡಾಗ ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಮಾತ್ರೆ ಪುಡಿ ಮಾಡಿ ಕುಡಿಸುವ ಯೋಚನೆ ಬೇಡ. ಪೆನ್ಸಿಲಿನ್ ಜಾತಿಯ ಔಷಧ ಗಿನಿಪಿಗ್‌ನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಅಳಿಸಿ ಜೀವವನ್ನೇ ತೆಗೆಯಬಲ್ಲದು.

ಇನ್ನು ಅಳತೆಗೆ ಬರೋಣ. ಎರಡು ಗಿನಿಪಿಗ್‌ಗೆ ಏಳೂವರೆ ಚದರ ಅಡಿ ಕನಿಷ್ಠ, ಹತ್ತೂವರೆ ಆದರೆ ಒಳ್ಳೆಯದು ಎಂಬುದು ಸಾಕುವವರು, ಪ್ರಾಣಿದಯಾ ಸಂಘಗಳು ಬಹಳ ಕಾಲದಿಂದ ಹೇಳುತ್ತಿರುವ ಲೆಕ್ಕ. ಹತ್ತೂವರೆಗೇ ಕಟ್ಟಿ ಎಂದು ನನ್ನ ಒತ್ತಾಯ. ಅದು ಒಂಟಿ ಮಂಚದ ಅರ್ಧಕ್ಕಿಂತ ತುಸು ಹೆಚ್ಚು ಅಷ್ಟೆ, ಮಂಚದ ಪಕ್ಕದ ಗೋಡೆಗೆ ಸೇರಿಸಿಟ್ಟರೆ ಸಣ್ಣ ಮನೆಯಲ್ಲೂ ಹಿಡಿಸುತ್ತದೆ. ಒಂದೇ ಗಿನಿಪಿಗ್ ಸಾಕಿದರೆ ಜಾಗ ಉಳಿಯುತ್ತದಲ್ಲ ಎಂದು ಕೇಳುವವರಿದ್ದಾರೆ. ಒಂಟಿಯಾಗಿ ಬಾಳುವ ಜೀವ ಇದಲ್ಲ. ಸ್ವಿಟ್ಜರ್‌ಲೆಂಡ್ 2008ರಲ್ಲಿ ಗಿನಿಪಿಗ್ ಒಂದನ್ನೇ ಸಾಕುವುದು ತಪ್ಪೆಂದು ಕಾನೂನಿನಲ್ಲೇ ಬರೆಯಿತು. ಜೊತೆಗೆ ಮೊಲ ಬಿಡುವುದೂ ಸರಿಯಲ್ಲ. ಮೊಲದ ಒಂದು ಒದೆತಕ್ಕೆ ಗಿನಿಪಿಗ್ ಉಳಿಯದಿರಬಹುದು; ಮೊಲಕ್ಕೆ ಏನೂ ಮಾಡದ ಕೆಲವು ಶ್ವಾಸಕೋಶದ ಸೋಂಕು ಇದಕ್ಕೆ ಮಾರಕ.

ಹತ್ತೂವರೆ ಚದರ ಅಡಿಯನ್ನು 56 ಇಂಚು ಉದ್ದ, 27 ಇಂಚು ಅಗಲವಾಗಿ ಇಟ್ಟುಕೊಳ್ಳೋಣ. ಚೌಕಕ್ಕಿಂತ ಉದ್ದನೆಯ ಆಕಾರ ಮೇಲು, ಓಡಲು ದಾರಿ ಸಿಗುತ್ತದೆ.

ಬೇಲಿಗೆ ಒಂದಿಂಚು ಚೌಕದ ವೆಲ್ಡ್ ಮೆಶ್ ತನ್ನಿ. ಕೋಳಿಗೂಡಿನ ಷಟ್ಕೋನದ ತೆಳು ಜಾಲರಿ ಅಗ್ಗ, ಆದರೆ ಬೆಕ್ಕು ಅದನ್ನು ಬಗ್ಗಿಸುತ್ತದೆ, ಹೆಗ್ಗಣ ಕಡಿದು ನುಗ್ಗುತ್ತದೆ. ವೆಲ್ಡ್ ಮೆಶ್ ಸುರುಳಿ ನಾಲ್ಕಡಿ ಅಗಲದಲ್ಲಿ ಸಿಗುತ್ತದೆ, ಅಡಿ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಐದಡಿ ಉದ್ದ ತೆಗೆದುಕೊಂಡು ಅದನ್ನು ಉದ್ದುದ್ದ ಸೀಳಿದರೆ 16 ಇಂಚು ಎತ್ತರದ ಮೂರು ಪಟ್ಟಿ. ಎರಡು ಪಟ್ಟಿಯನ್ನು 57 ಇಂಚಿಗೆ ಕತ್ತರಿಸಿದರೆ ಉದ್ದದ ಎರಡು ಬದಿ. ಮೂರನೆಯದರಿಂದ 28 ಇಂಚಿನ ಎರಡು ತುಂಡು ತೆಗೆದರೆ ಅಗಲದ ಎರಡು ಬದಿ. ಒಳಗಿನ ತಟ್ಟೆಗಿಂತ ಬೇಲಿ ಒಂದೊಂದು ಇಂಚು ದೊಡ್ಡದಿದ್ದರೆ ಸಾಕು. 16 ಇಂಚಿನ ಬೇಲಿಯನ್ನು ಬೆಳೆದ ಗಿನಿಪಿಗ್ ಹಾರಲಾರದು.

ಕತ್ತರಿಸುವಾಗ ಆತುರಪಡಬೇಡಿ. ಕಟಿಂಗ್ ಪ್ಲೇಯರ್ ಅನ್ನು ಅಡ್ಡತಂತಿಗೆ ಒತ್ತಿ ಹಿಡಿದು ಬೆಸುಗೆಯ ಪಕ್ಕದಲ್ಲೇ ಕತ್ತರಿಸಬೇಕು. ಚೌಕದ ನಡುವೆ ಕತ್ತರಿಸಿದರೆ ಅರ್ಧ ಇಂಚಿನ ಮುಳ್ಳುಗಳ ಸಾಲೇ ಉಳಿಯುತ್ತದೆ. ಬೇಲಿಯ ಮೇಲೆ ಬಗ್ಗಿ ಕೈ ಹಾಕುವ ಮಗುವಿನ ಮೊಣಕೈಗೆ, ಸೊಪ್ಪು ನೋಡಿ ಮುಂಗಾಲೆತ್ತಿ ನಿಲ್ಲುವ ಪ್ರಾಣಿಯ ಕಣ್ಣಿಗೆ ಆ ಮುಳ್ಳೇ ಶತ್ರು. ಸುರುಳಿಯ ಎರಡು ಅಂಚುಗಳು ಕಾರ್ಖಾನೆಯಿಂದಲೇ ನಯವಾಗಿ ಬಂದಿರುತ್ತವೆ, ಅವು ಮೇಲ್ಮುಖವಾಗಿರಲಿ. ನಡುವಿನ ಪಟ್ಟಿಗೆ ನಯವಾದ ಅಂಚಿಲ್ಲ. ಅದನ್ನು ಅಗಲದ ಬದಿಗೆ ಬಳಸಿ, ಮೇಲಂಚನ್ನು ಅರದಿಂದ ಉಜ್ಜಿ, ಹಳೆಯ ಹೋಸ್ ಪೈಪ್ ಸೀಳಿ ಮುಚ್ಚಿ. ಮೂಲೆಗಳನ್ನು ಕೇಬಲ್ ಟೈಯಿಂದ ಬಿಗಿದು, ಬಾಲ ಹೊರಮುಖಕ್ಕೆ ಬರುವಂತೆ ಮಾಡಿ ಬುಡಕ್ಕೇ ಕತ್ತರಿಸಿ. ಕತ್ತರಿಸಿದ ಚೂರು ಒಂದೂ ಒಳಗೆ ಬಿದ್ದಿರಬಾರದು, ಗಿನಿಪಿಗ್ ಎಲ್ಲವನ್ನೂ ಮೊದಲು ಕಚ್ಚಿ ನೋಡುತ್ತದೆ. ಅಗಲದ ಒಂದು ಬದಿಗೆ ಮಾತ್ರ ಟೈ ಹಾಕದೆ ಮೇಲೆ ಕೆಳಗೆ ಬೈಂಡರ್ ಕ್ಲಿಪ್ ಹಾಕಿ, ಬೇಕೆಂದಾಗ ಬಾಗಿಲಿನಂತೆ ತೆರೆಯಲು ಬರುತ್ತದೆ. ಈ ಬಾಗಿಲು ನನ್ನ ಪ್ರಕಾರ ಅನುಕೂಲಕ್ಕಿಂತ ದೊಡ್ಡದು. ಮೇಲಿನಿಂದ ಇಳಿಯುವ ಕೈ ಈ ಪ್ರಾಣಿಗೆ ಎರಗುವ ಹದ್ದಿನ ನೆರಳು. ಬದಿಯಿಂದ, ನೆಲಮಟ್ಟದಲ್ಲಿ, ಅಂಗೈಯಲ್ಲಿ ಕೊತ್ತಂಬರಿ ಸೊಪ್ಪು ಹಿಡಿದು ಬರುವ ಕೈಯನ್ನು ಅದು ಬೇಗ ನಂಬುತ್ತದೆ.

ತಳಕ್ಕೆ ಸನ್‌ಪ್ಯಾಕ್ ಶೀಟ್. ಮನೆ ಬಾಡಿಗೆಗಿದೆ, ಸೈಟ್ ಮಾರಾಟಕ್ಕಿದೆ ಎಂಬ ಬೋರ್ಡುಗಳಿಗೆ ಬಳಸುತ್ತಾರಲ್ಲ, ಒಳಗೆ ಕೊಳವೆಗಳಿರುವ ಹಗುರ ಪ್ಲಾಸ್ಟಿಕ್ ಹಲಗೆ, ಅದೇ. ನೀರು ಹೀರುವುದಿಲ್ಲ, ಒರೆಸಿದರೆ ಸ್ವಚ್ಛ. ಎಂಟಡಿ ನಾಲ್ಕಡಿಯ ಹೊಸ ಶೀಟ್ ಕೆಲವು ನೂರು ರೂಪಾಯಿಗೆ ಬರುತ್ತದೆ. ಬಳಸಿದ ಬೋರ್ಡೂ ಆದೀತು, ಮುದ್ರಣದ ಬದಿ ಕೆಳಮುಖವಾಗಿರಬೇಕು. ಪ್ಲೈವುಡ್, ಪಾರ್ಟಿಕಲ್ ಬೋರ್ಡ್‌ಗಳನ್ನು ಹಾಗೇ ತಳಕ್ಕೆ ಹಾಕುವವರಿದ್ದಾರೆ. ಮರ ಉಚ್ಚೆಯನ್ನು ಹೀರಿ ಉಬ್ಬುತ್ತದೆ, ಎಷ್ಟು ತೊಳೆದರೂ ಅಮೋನಿಯದ ಘಾಟು ಹೋಗುವುದಿಲ್ಲ. ನೆಲಕ್ಕೆ ಮೂಗು ತಾಗಿಸಿಕೊಂಡೇ ಬದುಕುವ ಪ್ರಾಣಿ ಆ ಘಾಟನ್ನೇ ಉಸಿರಾಡಬೇಕು, ಅದರ ಶ್ವಾಸಕೋಶ ಮೊದಲೇ ಸೂಕ್ಷ್ಮ. ಹಳೆಯ ಗಾಜಿನ ಅಕ್ವೇರಿಯಂ ಬೇಡವೆನ್ನುವುದಕ್ಕೂ ಇದೇ ಕಾರಣ, ಗಾಳಿ ಆಡದ ಗೋಡೆಗಳ ನಡುವೆ ಘಾಟು ತಳದಲ್ಲೇ ನಿಲ್ಲುತ್ತದೆ.

ಶೀಟನ್ನು 68 ಇಂಚು ಉದ್ದ, 39 ಇಂಚು ಅಗಲಕ್ಕೆ ಕತ್ತರಿಸಿ. ನಾಲ್ಕೂ ಅಂಚಿನಿಂದ ಆರಿಂಚು ಒಳಗೆ ಗೆರೆ ಎಳೆಯಿರಿ. ಇನ್ನು ಬ್ಲೇಡಿನ ಕೆಲಸ. ಶೀಟಿಗೆ ಎರಡು ಪದರವಿದೆ, ಗೆರೆಯುದ್ದಕ್ಕೂ ಮೇಲಿನ ಪದರ ಮಾತ್ರ ಕೊಯ್ಯಬೇಕು. ಬ್ಲೇಡಿಗೆ ಸಿಗುವ ತಡೆ ಸಡಿಲವಾದದ್ದು ಕೈಗೇ ಗೊತ್ತಾಗುತ್ತದೆ, ಅಲ್ಲಿಗೆ ಸಾಕು. ಕೊಯ್ದ ಮುಖವನ್ನು ನೆಲಕ್ಕೆ ಮಾಡಿ ಅಂಚುಗಳನ್ನು ಮೇಲೆತ್ತಿದರೆ ಕೆಳಗಿನ ಪದರವೇ ಕೀಲಿನಂತೆ ಬಾಗಿ ಆರಿಂಚಿನ ಗೋಡೆ ನಿಲ್ಲುತ್ತದೆ. ಕೊಯ್ತದ ಬಾಯಿ ಹೊರಗೆ ಉಳಿಯುವುದರಿಂದ ಹಲ್ಲಿಗೆ ಸಿಗುವುದಿಲ್ಲ. ನಾಲ್ಕು ಮೂಲೆಗಳಲ್ಲಿ ಒಂದು ಗೆರೆಯ ಮೇಲೆ ಮಾತ್ರ ಎರಡೂ ಪದರ ಪೂರ್ತಿ ಕತ್ತರಿಸಿ, ಬಿಟ್ಟುಕೊಂಡ ಚೌಕವನ್ನು ಪಕ್ಕದ ಗೋಡೆಯ ಹೊರಬದಿಗೆ ಮಡಚಿ ಅಗಲದ ಪ್ಯಾಕಿಂಗ್ ಟೇಪ್ ಅಂಟಿಸಿದರೆ ತಟ್ಟೆ ಸಿದ್ಧ. ಅದನ್ನು ಬೇಲಿಯೊಳಗೆ ಕೂರಿಸಿದರೆ ಕಾಲಿಗೆ ಸಮತಟ್ಟು ನೆಲ, ಹಿಕ್ಕೆ ಹುಲ್ಲು ಹೊರಗೆ ಸಿಡಿಯದಂತೆ ಗೋಡೆ, ಅದರ ಮೇಲೆ ಗಾಳಿಯಾಡುವ ಜಾಲರಿ. ಕೆಲವು ಗಿನಿಪಿಗ್‌ಗಳಿಗೆ ಶೀಟಿನ ಅಂಚು ಕಡಿಯುವ ಚಟವಿರುತ್ತದೆ. ಹುಲ್ಲು ಯಾವಾಗಲೂ ಎದುರಿಗಿದ್ದರೆ ಹೆಚ್ಚಿನವು ಅದನ್ನು ಬಿಡುತ್ತವೆ.

ಹಾಸಿಗೆಗೆ ಬಡಗಿಯ ಅಂಗಡಿಯ ಹೊಟ್ಟು ಪುಕ್ಕಟೆ ಸಿಗುತ್ತದೆ ಎಂದು ತಂದು ಸುರಿಯಬೇಡಿ. ಅದರಲ್ಲಿ ಪ್ಲೈವುಡ್ಡಿನ ಅಂಟು, ಪಾಲಿಶ್, ಸಣ್ಣ ದೂಳು ಎಲ್ಲ ಇರುತ್ತವೆ. ಭತ್ತದ ಹೊಟ್ಟೂ ದೂಳು, ಮೊನೆಯೂ ಚೂಪು. ಅಗ್ಗವಾಗಿ ಬಹುಕಾಲ ಬಾಳುವುದು ಫ್ಲೀಸ್ ಹೊದಿಕೆ. ಹೊಸ ಫ್ಲೀಸ್ ನೀರನ್ನು ಮೇಲೆಯೇ ನಿಲ್ಲಿಸಿಕೊಳ್ಳುತ್ತದೆ, ಹಾಗಾಗಿ ಮೊದಲು ಬಿಸಿನೀರಿನಲ್ಲಿ ಎರಡು ಮೂರು ಸಲ ಒಗೆಯಬೇಕು, ಬಟ್ಟೆ ಮೆತ್ತಗಾಗಿಸುವ ದ್ರಾವಣ ಹಾಕಬಾರದು. ಆಮೇಲೆ ಉಚ್ಚೆ ಅದರ ಮೂಲಕ ಕೆಳಗಿಳಿದು ಮೇಲ್ಮೈ ಒಣಗಿಯೇ ಇರುತ್ತದೆ. ಕೆಳಗೆ ಹೀರಲು ಹಳೆಯ ಟವೆಲ್ಲೋ ಮಕ್ಕಳ ಹಾಸಿಗೆಗೆ ಹಾಕುವ ಡ್ರೈ ಶೀಟೋ ಸಾಕು. ಟವೆಲ್ ಮೇಲ್ಗಡೆ ಬಾರದಿರಲಿ, ಅದರ ನೂಲಿನ ಕುಣಿಕೆಗೆ ಉಗುರು ಸಿಕ್ಕಿ ಕಿತ್ತುಬರುತ್ತದೆ. ಹಿಕ್ಕೆಯನ್ನು ದಿನಾ ಗುಡಿಸಿ, ಮೂರು ನಾಲ್ಕು ದಿನಕ್ಕೊಮ್ಮೆ ಬಟ್ಟೆ ಬದಲಿಸಿ. ಇವುಗಳ ಉಚ್ಚೆಯಲ್ಲಿ ಕ್ಯಾಲ್ಸಿಯಂ ಹೆಚ್ಚು, ತಟ್ಟೆಯ ಮೇಲೆ ಸುಣ್ಣದಂಥ ಬಿಳಿ ಕಲೆ ಕಟ್ಟುತ್ತದೆ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿದರೆ ಹೋಗುತ್ತದೆ. ಫಿನೈಲ್ ಮಾತ್ರ ಗೂಡಿನ ಹತ್ತಿರ ಸುಳಿಯಬಾರದು.

ಗಿನಿಪಿಗ್ ತಿನ್ನುವ ಜಾಗದಲ್ಲೇ ಹೆಚ್ಚು ಹಿಕ್ಕೆ ಹಾಕುತ್ತದೆ. ಇದನ್ನು ತಿದ್ದಲು ಹೋಗುವ ಬದಲು ಉಪಯೋಗಿಸಿಕೊಳ್ಳಬೇಕು. ಉಳಿದ ಸನ್‌ಪ್ಯಾಕ್‌ನಿಂದ ಮೂರಿಂಚು ಗೋಡೆಯ ಸಣ್ಣ ತಟ್ಟೆ ಮಾಡಿ, ಒಂದು ಮೂಲೆಯಲ್ಲಿಟ್ಟು, ಹುಲ್ಲನ್ನೆಲ್ಲ ಅದರಲ್ಲೇ ಹಾಕಿದರೆ ಗಲೀಜಿನ ಬಹುಪಾಲು ಅಲ್ಲಿಗೇ ಸೀಮಿತವಾಗುತ್ತದೆ, ಉಳಿದ ನೆಲದ ಕೆಲಸ ಅರ್ಧಕ್ಕಿಳಿಯುತ್ತದೆ. ಹುಲ್ಲು ಎಂದಾಗ ಒಂದು ಮಾತು. ಇವುಗಳ ಹಲ್ಲು ಬದುಕಿಡೀ ಬೆಳೆಯುತ್ತಲೇ ಇರುತ್ತವೆ, ನಾರಿನ ಹುಲ್ಲನ್ನು ದಿನವಿಡೀ ಅಗಿದರಷ್ಟೇ ಸವೆಯುತ್ತವೆ. ವಿದೇಶದ ಟಿಮೊಥಿ ಒಣಹುಲ್ಲು ದುಬಾರಿಯಾದವರು ಔಷಧಿ ಸಿಂಪಡಿಸದ ಜಾಗದ ಗರಿಕೆಯನ್ನು ತೊಳೆದು ಕೊಡಬಹುದು, ಓಟ್ಸ್ ಹುಲ್ಲು ಸಿಕ್ಕರೆ ಅದನ್ನೂ. ಕುದುರೆ ಮೆಂತೆ ಮರಿಗಳಿಗೆ, ಬಸಿರಿಗೆ ಸರಿ. ಬೆಳೆದವಕ್ಕೆ ಅದರ ಕ್ಯಾಲ್ಸಿಯಂ ಹೊರೆ. ನಮ್ಮ ಹಾಗೆಯೇ ಇವುಗಳ ಮೈ ಸಿ ಜೀವಸತ್ವ ತಯಾರಿಸಿಕೊಳ್ಳಲಾರದು, ದಿನಕ್ಕೊಂದು ಹೋಳು ದೊಣ್ಣೆಮೆಣಸಿನಕಾಯಿ ಆ ಕೊರತೆ ನೀಗುತ್ತದೆ.

ಒಳಗೆ ಬೇಕಾದ ಇನ್ನೊಂದು ಮುಖ್ಯ ವಸ್ತು ಮರೆ. ಒಂದೊಂದು ಗಿನಿಪಿಗ್‌ಗೂ ಒಂದೊಂದು ಬೇಕು, ಒಂದೊಂದಕ್ಕೂ ಎರಡು ಬಾಗಿಲಿರಬೇಕು. ಒಂದೇ ಬಾಗಿಲಿದ್ದರೆ ಜೋರಿನ ಪ್ರಾಣಿ ಅದಕ್ಕೆ ಅಡ್ಡ ನಿಂತು ಮೆದುವಾದದ್ದನ್ನು ಒಳಗೇ ಕಟ್ಟಿಹಾಕುತ್ತದೆ. ಚಪ್ಪಲಿ ಡಬ್ಬಿಯ ಎರಡು ಬದಿ ಕತ್ತರಿಸಿ ಬೋರಲಿಟ್ಟರೆ ಸಾಕು, ಕಡಿದು ಹಾಳಾದರೆ ಇನ್ನೊಂದು. ಗಿಡ್ಡ ಪ್ಲಾಸ್ಟಿಕ್ ಸ್ಟೂಲಿನ ಕಾಲಿಗೆ ಸುತ್ತ ಫ್ಲೀಸ್ ಪಟ್ಟಿ ಇಳಿಬಿಟ್ಟರೆ ತೊಳೆಯಬಲ್ಲ ಮರೆ. ನೀರಿನ ಬಾಟಲಿ ಜಾಲರಿಯ ಹೊರಗೆ ತೂಗಲಿ, ಕೊಳವೆ ಮಾತ್ರ ಒಳಗೆ. ದಿನಾ ನೀರು ಬದಲಾಗಲಿ, ತುದಿಯ ಗುಂಡು ಸಿಕ್ಕಿಕೊಂಡಿಲ್ಲವೆಂದು ಬೆರಳಿನಿಂದ ಒತ್ತಿ ನೋಡಿ.

ಎಷ್ಟೇ ಚೆನ್ನಾಗಿ ಕಟ್ಟಿದರೂ ಇಡುವ ಜಾಗ ತಪ್ಪಾದರೆ ಫಲವಿಲ್ಲ. ನಮ್ಮಲ್ಲಿ ಗಿನಿಪಿಗ್‌ನ ದೊಡ್ಡ ಅಪಾಯ ಸೆಖೆ. ತಂಪು ಬೆಟ್ಟದಿಂದ ಬಂದ ಇದಕ್ಕೆ ಬೆವರು ಬರುವುದಿಲ್ಲ, ನಾಯಿಯಂತೆ ಏದುಸಿರಿನಿಂದ ಮೈ ತಂಪಾಗಿಸಿಕೊಳ್ಳುವುದೂ ಆಗದು. 18ರಿಂದ 24 ಡಿಗ್ರಿ ಹಿತ; 28 ದಾಟಿದರೆ ಗಮನವಿರಲೇಬೇಕು. ಮೇ ತಿಂಗಳಲ್ಲಿ 40 ಡಿಗ್ರಿ ಮೀರುವ ರಾಯಚೂರು, ಕಲಬುರಗಿಗಳಲ್ಲಿ ಇವನ್ನು ಸಾಕುವವರು ಮನೆಯ ಅತಿ ತಂಪಾದ ಒಳಕೋಣೆಯನ್ನೇ ಬಿಟ್ಟುಕೊಡಬೇಕು. ಬಿಸಿಲು ಬೀಳುವ ಬಾಲ್ಕನಿ, ತಗಡಿನ ಶೆಡ್, ತಾರಸಿಯ ಕೆಳಗಿನ ಕೋಣೆ ಸಲ್ಲದು. ಒಂದು ಮೂಲೆಯಲ್ಲಿ ಕಡಪ ಕಲ್ಲಿನ ತುಂಡು ಹಾಕಿದರೆ ಅದರ ಮೇಲೆ ಹೊಟ್ಟೆ ಚಾಚಿ ಮಲಗುತ್ತವೆ. ನೀರು ತುಂಬಿ ಫ್ರೀಜರ್‌ನಲ್ಲಿಟ್ಟ ಬಾಟಲಿಯನ್ನು ಬಟ್ಟೆ ಸುತ್ತಿ ಇನ್ನೊಂದು ಮೂಲೆಯಲ್ಲಿಡಬಹುದು. ಕಾಲು ಚಾಚಿ ಬಿದ್ದು, ಜೊಲ್ಲು ಸುರಿಸುತ್ತ ಬಿರುಸಾಗಿ ಉಸಿರಾಡುತ್ತಿದ್ದರೆ ಅದು ನಿದ್ದೆಯಲ್ಲ, ಬಿಸಿಯ ಹೊಡೆತ. ತಣ್ಣನೆಯ ಒದ್ದೆ ಬಟ್ಟೆಯಿಂದ ಪಾದ, ಕಿವಿ ಒರೆಸುತ್ತ ತಕ್ಷಣ ವೈದ್ಯರ ಬಳಿ ಓಡಬೇಕು. ಕರಾವಳಿ, ಮಲೆನಾಡುಗಳ ಮಳೆಗಾಲದ ಕಷ್ಟ ಬೇರೆ. ಒಣಹುಲ್ಲಿಗೆ ಬೂಷ್ಟು ಹಿಡಿಯುತ್ತದೆ, ಒದ್ದೆ ಹಾಸಿಗೆಯಿಂದ ಚರ್ಮಕ್ಕೆ ಶಿಲೀಂಧ್ರ ಬರುತ್ತದೆ. ಹುಲ್ಲನ್ನು ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದ ಬದಲು ಬಟ್ಟೆಯ ಚೀಲದಲ್ಲಿಡಿ, ಹಾಕುವ ಮುನ್ನ ಪ್ರತಿ ಹಿಡಿಯನ್ನೂ ಮೂಸಿ ನೋಡಿ.

ಇರುವೆ ಬಂದರೆ ಸೀಮೆಸುಣ್ಣದಂತೆ ಗೆರೆ ಎಳೆಯುವ ಇರುವೆ ಮದ್ದು ಬೇಡ, ಅದು ಕೀಟನಾಶಕ. ಗೂಡನ್ನು ಗಿಡ್ಡ ಮೇಜಿನ ಮೇಲಿಟ್ಟು ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುವ ಅಜ್ಜಿಯರ ಉಪಾಯ ಇಲ್ಲಿಗೂ ಸಲ್ಲುತ್ತದೆ. ಬೆಕ್ಕು ಓಡಾಡುವ ಮನೆಯಾದರೆ ಮುಚ್ಚಳ ಬೇಕೇ ಬೇಕು. ಆಗ ಮೆಶ್ ಐದಡಿಗೆ ಬದಲು ಹತ್ತಡಿ ತನ್ನಿ. ಎರಡನೆಯ ಐದಡಿಯಿಂದ 57 ಇಂಚಿಗೆ 28 ಇಂಚಿನ ಮುಚ್ಚಳ ಬರುತ್ತದೆ. ಒಂದು ಉದ್ದದ ಬದಿಗೆ ಸಡಿಲವಾಗಿ ಕೇಬಲ್ ಟೈ ಹಾಕಿದರೆ ಅದೇ ಕೀಲು, ಎದುರು ಬದಿಗೆ ಎರಡು ಕೊಕ್ಕೆ.

ಮುಚ್ಚಳ ಕತ್ತರಿಸಿದ ಮೇಲೆ 20 ಇಂಚು ಅಗಲದ ಪಟ್ಟಿಯೊಂದು ಉಳಿಯುತ್ತದೆ, ಎಸೆಯಬೇಡಿ. ಅಂಗಡಿಯಲ್ಲಿ ಎರಡೂ ಹೆಣ್ಣೆಂದು ಕೊಟ್ಟ ಜೋಡಿಯಲ್ಲಿ ಒಂದು ಗಂಡಾಗಿರುವುದು ಅಪರೂಪವೇನಲ್ಲ. ಹೆಣ್ಣು ಹುಟ್ಟಿದ ನಾಲ್ಕು ವಾರಕ್ಕೇ ಗರ್ಭ ಧರಿಸಬಲ್ಲದು, 59ರಿಂದ 72 ದಿನಕ್ಕೆ ಮರಿ ಹಾಕುತ್ತದೆ. ಮರಿಗಳು ಕಣ್ಣು ತೆರೆದು, ಮೈತುಂಬ ರೋಮ ಹೊತ್ತು ಹುಟ್ಟಿ ಮಾರನೆಯ ದಿನಕ್ಕೇ ಹುಲ್ಲು ಕಚ್ಚುತ್ತವೆ. ಗಂಡು ಮರಿಗಳನ್ನು ಮೂರು ವಾರಕ್ಕೇ ತಾಯಿಯಿಂದ ಬೇರೆ ಮಾಡದಿದ್ದರೆ ಸಂಸಾರ ಕೈಮೀರುತ್ತದೆ. ಉಳಿದ ಪಟ್ಟಿಯಿಂದ 27 ಇಂಚಿನ ತುಂಡನ್ನು ಬೇಲಿಯಷ್ಟೇ ಎತ್ತರಕ್ಕೆ ಕತ್ತರಿಸಿ ಗೂಡಿನ ನಡುವೆ ನಿಲ್ಲಿಸಿ ಎರಡೂ ತುದಿಗೆ ಕೇಬಲ್ ಟೈ ಬಿಗಿದರೆ ಅಡ್ಡಗೋಡೆಯಾಯಿತು. ಎರಡೂ ಬದಿಗೆ ನೀರು, ಹುಲ್ಲು, ಮರೆ ಪ್ರತ್ಯೇಕವಾಗಿರಲಿ. ಒಂದೊಂದು ಪಾಲಿಗೆ ಆಗ ಉಳಿಯುವುದು ಐದು ಚದರ ಅಡಿ ಚಿಲ್ಲರೆ, ಅದರಲ್ಲಿ ಕೆಲವು ದಿನ ಕಳೆಯಬಹುದು, ವರ್ಷ ಕಳೆಯಲಾಗದು. ಅಷ್ಟರೊಳಗೆ ಮರಿಗಳಿಗೆ ಒಳ್ಳೆಯ ಮನೆ ಹುಡುಕಿ, ಇಲ್ಲವೇ ಇನ್ನೈದು ಅಡಿ ಮೆಶ್, ಇನ್ನೊಂದು ಶೀಟ್ ತಂದು ಎರಡನೆಯ ಗೂಡು ಕಟ್ಟಿ.